ಮಸಾನ್: ಮೂರು ಲಕ್ಷಕ್ಕೆ ತೀರದ ಸಾಲ

ಹಿಂದಿಯ ‘ಮಸಾನ್’ ಅಂದ್ರೆ ನಮ್ಮ ಮಸಣವೇ. ಅರ್ಥಕ್ಕೆ ಗೂಗಲ್ ಬೇಕಾಗಲಿಲ್ಲ. ನಮ್ಮೂರಲ್ಲಿ ಅದು ಕೆರೆ ಏರಿಯ ಆಚೆಗಿತ್ತು. ಸ್ಕೂಲಿಂದ ಬರುವಾಗ ಆ ಕಡೆ ತಿರುಗಿ ನೋಡಿದ್ರೆ ಅಜ್ಜಿ ಗದರೋಳು.

2015ರಲ್ಲಿ ಬಂದ ಈ ಸಿನಿಮಾನ ನಾನು ನೋಡಿದ್ದು ಎರಡು ವರ್ಷ ತಡವಾಗಿ, ಮಾರತ್‌ಹಳ್ಳಿಯ ಪಿಜಿಯಲ್ಲಿ, ರೂಮ್‌ಮೇಟ್ ಮಲಗಿದ ಮೇಲೆ, ಇಯರ್‌ಫೋನ್ ಸಿಕ್ಕಿಸಿಕೊಂಡು. ಕಾನ್ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂದಿದ್ದು ಗೊತ್ತಿತ್ತು. ನಿರ್ದೇಶಕ ನೀರಜ್ ಘೈವಾನ್‌ಗೆ ಇದು ಮೊದಲ ಚಿತ್ರ. ಬರೆದ ವರುಣ್ ಗ್ರೋವರ್ ಕಾಶಿಯಲ್ಲೇ ಸಿವಿಲ್ ಇಂಜಿನಿಯರಿಂಗ್ ಓದಿದವರು. ‘ನಮ್ಮ ಜಾತಿಯವನೇ’ ಅಂತ ನಗುತ್ತಾ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆಲ್ಲ ನಿಲ್ಲಿಸಿ, ಎದ್ದು ಟೆರೇಸಿಗೆ ಹೋದೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಕಾಶಿಯಲ್ಲಿ ಎರಡು ಕತೆ ನಡೆಯುತ್ತೆ. ಒಂದು ದೇವಿಯದು (ರಿಚಾ ಚಡ್ಡಾ). ಘಾಟಿನಲ್ಲಿ ಪೂಜೆ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಪಾಠಕ್‌ನ (ಸಂಜಯ್ ಮಿಶ್ರಾ) ಮಗಳು. ಪೀಯೂಷ್ ಅನ್ನೋ ಹುಡುಗನ ಜೊತೆ ಹೋಟೆಲಿಗೆ ಹೋಗ್ತಾಳೆ. ಪೊಲೀಸರು ಬಾಗಿಲು ಒಡೆದು ನುಗ್ತಾರೆ. ಹುಡುಗ ಬಾತ್‌ರೂಮಿನಲ್ಲಿ ಕೈ ಕೊಯ್ದುಕೊಂಡು, ಆಮೇಲೆ ಸಾಯ್ತಾನೆ. ಇನ್ಸ್‌ಪೆಕ್ಟರು ಅವಳನ್ನ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು, ಬಾಯಿ ಮುಚ್ಚಿಕೊಂಡಿರೋಕೆ ಮೂರು ಲಕ್ಷ ಕೇಳ್ತಾನೆ. ಇನ್ನೊಂದು ಕತೆ ದೀಪಕ್‌ನದು (ವಿಕಿ ಕೌಶಲ್). ಚಿತೆ ಸುಡುವ ಡೋಮ್ ಸಮುದಾಯದ ಹುಡುಗ, ಸಿವಿಲ್ ಓದ್ತಿದ್ದಾನೆ. ಕವಿತೆ ಓದುವ ಮೇಲ್ಜಾತಿಯ ಶಾಲು (ಶ್ವೇತಾ ತ್ರಿಪಾಠಿ) ಅವನಿಗೆ ಒಲಿದಿದ್ದಾಳೆ.

ಇದನ್ನ ಹೆಚ್ಚಿನವರು ಪ್ರೀತಿ ಮತ್ತು ಸಾವಿನ ಸಿನಿಮಾ ಅಂತಾರೆ. ಸುಳ್ಳಲ್ಲ. ಆದ್ರೆ ಇದು ಮಾಡಿರೋ ಕಷ್ಟದ ಕೆಲಸ ಬೇರೆ ಇದೆ. ನಾವು ಸಾಮಾನ್ಯವಾಗಿ ಕಲಸಿಹಾಕುವ ಎರಡು ಭಾವನೆಗಳನ್ನ ಇದು ಬಿಡಿಸಿ ಇಡುತ್ತೆ: ಅವಮಾನ ಮತ್ತು ಪಾಪಪ್ರಜ್ಞೆ.

ಅವಮಾನ ಹೊರಗಿನಿಂದ ಬರೋದು. ದೇವಿಗೆ ಅದನ್ನ ಹೊರಿಸೋರು ಇನ್ಸ್‌ಪೆಕ್ಟರು, ಕೈ ಎತ್ತುವ ಅಪ್ಪ, ವಿಷಯ ತಿಳಿದ ಮೇಲೆ ‘ನನಗೇನು ಕಮ್ಮಿ’ ಅನ್ನೋ ಹಾಗೆ ಮೈಮೇಲೆ ಬರುವ ಸಹೋದ್ಯೋಗಿ. ಅವಮಾನಕ್ಕೆ ರೇಟಿದೆ. ಮೂರು ಲಕ್ಷ, ಕಂತಿನ ಮೇಲೆ. ಮಜಾ ಅಂದ್ರೆ ದೇವಿ ಇವರು ಯಾರ ಮುಂದೆಯೂ ತಲೆ ತಗ್ಗಿಸಲ್ಲ. ಪ್ರೀತಿಸಿದ್ದು, ಹೋಟೆಲಿಗೆ ಹೋಗಿದ್ದು ತಪ್ಪು ಅಂತ ಅವಳಿಗೆ ಒಂದು ಕ್ಷಣವೂ ಅನ್ನಿಸಲ್ಲ. ರಿಚಾ ಚಡ್ಡಾ ಮುಖವನ್ನ ಇಡೀ ಸಿನಿಮಾ ಬಿಗಿಯಾಗಿ ಹಿಡಿದಿರೋದನ್ನ ಕೆಲವರು ‘ಫ್ಲಾಟ್’ ಅಂದ್ರು. ನನಗೆ ಹಾಗನ್ನಿಸಲಿಲ್ಲ. ಅತ್ತರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ ಅಂತ ಗೊತ್ತಿರೋ ಹುಡುಗಿಯ ಮುಖ ಅದು.

ಪಾಪಪ್ರಜ್ಞೆ ಬೇರೆ. ಒಬ್ಬ ಹುಡುಗ ಸತ್ತ, ತಾನು ಉಳಿದೆ. ಅದಕ್ಕೆ ಯಾರೂ ಬಿಲ್ ಕೊಡಲ್ಲ, ಅದಕ್ಕೇ ತೀರಿಸೋಕೂ ಆಗಲ್ಲ. ಇನ್ಸ್‌ಪೆಕ್ಟರಿಗೆ ದುಡ್ಡು ಮುಟ್ಟಿದ ಮೇಲೂ ದೇವಿಯ ಲೆಕ್ಕ ಮುಗಿಯಲ್ಲ. ಅಲಹಾಬಾದಿನಲ್ಲಿ ಪೀಯೂಷ್ ಮನೆ ಹುಡುಕಿಕೊಂಡು ಹೋಗ್ತಾಳೆ. ಅಲ್ಲಿ ಘೈವಾನ್ ಕ್ಯಾಮೆರಾನ ಒಳಗೆ ಬಿಡಲ್ಲ. ನಾವು ಬೀದಿಯಲ್ಲೇ ನಿಂತು, ಒಳಗಿನ ಕೂಗಾಟ ಕೇಳಿಸಿಕೊಳ್ತೀವಿ. ಇಡೀ ಚಿತ್ರದ ಅತ್ಯುತ್ತಮ ನಿರ್ಧಾರ ಇದು ಅಂತ ನನ್ನ ಅಭಿಪ್ರಾಯ. ಶುರುವಿನಲ್ಲಿ ಒಂದು ಕ್ಯಾಮೆರಾ ಕೇಳದೇ ಅವಳ ಕೋಣೆಗೆ ನುಗ್ಗಿತ್ತು. ಕೊನೆಗೆ ಇನ್ನೊಂದು ಕ್ಯಾಮೆರಾ ಮರ್ಯಾದೆಯಿಂದ ಹೊಸ್ತಿಲಾಚೆ ನಿಲ್ಲುತ್ತೆ.

ನನ್ನ ತಕರಾರೂ ಇದೆ. ದೀಪಕ್ ತಾನು ಯಾರು ಅಂತ ಶಾಲುಗೆ ಸಿಟ್ಟಿನಲ್ಲಿ ಹೇಳಿಬಿಡ್ತಾನೆ. ಅವಳು ಮನೆ ಬಿಟ್ಟಾದರೂ ಬರ್ತೀನಿ ಅಂತಾಳೆ. ಅಷ್ಟರಲ್ಲಿ ಬಸ್ ಅಪಘಾತ. ದೀಪಕ್ ಕೆಲಸ ಮಾಡುವ ಘಾಟಿಗೇ ಅವಳ ಹೆಣ ಬರುತ್ತೆ. ಬೆರಳಿನ ಉಂಗುರ ನೋಡಿ ಅವನು ಗುರುತು ಹಿಡಿಯುವ ದೃಶ್ಯದಲ್ಲಿ ನನ್ನ ಉಸಿರೂ ಕಟ್ಟಿತು, ಸರಿ. ಆದ್ರೆ ಆ ಸಾವು ಕತೆಗಾರರಿಗೆ ಅನುಕೂಲ ಮಾಡಿಕೊಟ್ಟಿತು. ಶಾಲು ಬದುಕಿದ್ದು, ಅವಳ ಅಪ್ಪನ ಮುಂದೆ ದೀಪಕ್ ನಿಂತಿದ್ದರೆ? ನಮ್ಮೂರಲ್ಲಿ ಆ ಪ್ರಶ್ನೆಗೆ ಬಸ್ಸು ಉತ್ತರ ಕೊಡಲ್ಲ, ಅಣ್ಣತಮ್ಮಂದಿರು ಕೊಡ್ತಾರೆ. ಜಾತಿಯನ್ನ ಅಷ್ಟು ಹತ್ತಿರ ತಂದಿಟ್ಟು, ಹೊಣೆಯನ್ನ ವಿಧಿಯ ತಲೆಗೆ ಕಟ್ಟಿದ್ದು ನನಗೆ ಒಪ್ಪಿಗೆ ಆಗಲಿಲ್ಲ.

ಉಂಗುರದ ಕತೆಯೂ ಕಾಕತಾಳೀಯ ಜಾಸ್ತಿ. ದೀಪಕ್ ಗಂಗೆಗೆ ಎಸೆದದ್ದು, ನಾಣ್ಯಕ್ಕೆ ಮುಳುಗು ಹಾಕುವ ಹುಡುಗ ಝೋಂಟಾನಿಗೆ ಸಿಕ್ಕಿ, ಪಾಠಕ್‌ನ ಕೈಗೆ ಬಂದು, ಲಂಚದ ಬಾಕಿಗೆ ಹೋಗುತ್ತೆ. ಎರಡು ಕತೆಗೆ ಬಲವಂತವಾಗಿ ಹಾಕಿದ ಗಂಟು ಅದು. ಆದ್ರೂ ಅದರ ಕಹಿ ನಿಜ: ಒಂದು ಪ್ರೀತಿ ಉಳಿಸಿಹೋದ ಒಂದೇ ಗುರುತು, ಇನ್ನೊಂದು ಪ್ರೀತಿಗೆ ಹಾಕಿದ ದಂಡಕ್ಕೆ ಜಮಾ. ಇನ್ಸ್‌ಪೆಕ್ಟರಿಗೆ ಏನೂ ಆಗಲ್ಲ. ಹೊರಗೆ ಆಗೋ ಹಾಗೇ.

ಈಗ ಟೆರೇಸಿನ ವಿಷಯ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದಾಗ ಒಂದು ಕ್ಲಿಪ್ ಬಂದಿತ್ತು, ಬ್ಲೂಟೂತ್ ಕಾಲ. ಯಾವುದೋ ಕಾಲೇಜಿನ ಹುಡುಗ-ಹುಡುಗಿ, ಯಾರೋ ಕದ್ದು ತೆಗೆದದ್ದು. ಹುಡುಗಿ ಮುಖ ಮುಚ್ಚಿಕೊಳ್ತಿದ್ಲು. ನಾನು ನೋಡಿದೆ. ಪಕ್ಕದ ರೂಮಿನ ಇಬ್ಬರಿಗೆ ಕಳಿಸಿದೆ. ಆ ಹುಡುಗಿ ಕಾಲೇಜು ಬಿಟ್ಟಳಂತೆ ಅಂತ ಆಮೇಲೆ ಯಾರೋ ಅಂದ್ರು. ನಾವು ಅದಕ್ಕೂ ಏನೋ ಜೋಕು ಮಾಡಿ ಊಟಕ್ಕೆ ಹೋದ್ವಿ.

ನಾನೇನು ವಿಡಿಯೋ ತೆಗೆದಿರಲಿಲ್ಲ, ಯಾರ ಹತ್ತಿರವೂ ದುಡ್ಡು ಕೇಳಿರಲಿಲ್ಲ. ಇಷ್ಟು ವರ್ಷ ಈ ಸಮಾಧಾನ ಸಾಕಾಗಿತ್ತು. ಆದ್ರೆ ಆ ಇನ್ಸ್‌ಪೆಕ್ಟರು ಮೊಬೈಲ್ ಎತ್ತಿ ಹಿಡಿದಾಗ ಒಂದು ಹೊಳೀತು. ಅವನ ಬೆದರಿಕೆಗೆ ಬೆಲೆ ಬಂದಿದ್ದು ಅವನ ಲಾಠಿಯಿಂದಲ್ಲ. ಆ ವಿಡಿಯೋ ಬಂದ್ರೆ ತೆರೆದು ನೋಡೋಕೆ, ಪಕ್ಕದವನಿಗೆ ಕಳಿಸೋಕೆ ಹಾಸ್ಟೆಲ್‌ಗಟ್ಟಲೆ ನಾವಿದ್ದೀವಿ ಅನ್ನೋ ಧೈರ್ಯದಿಂದ. ಆ ಮೂರು ಲಕ್ಷ ಹುಟ್ಟಿದ್ದೇ ನಮ್ಮಿಂದ.

ಹೋದ ತಿಂಗಳು ನಮ್ಮ ಹಳೇ ಹಾಸ್ಟೆಲ್ ವಾಟ್ಸಾಪ್ ಗ್ರೂಪಿಗೆ ಅಂಥದ್ದೇ ಒಂದು ಬಂತು. ಕಳಿಸಿದವನಿಗೆ ಈಗ ಎರಡು ಮಕ್ಕಳು. ಜಗಳ ಆಡೋಕೆ ಧೈರ್ಯ ಸಾಲದೆ, ಸುಮ್ಮನೆ ಗ್ರೂಪಿಂದ ಆಚೆ ಬಂದೆ. ಆಮೇಲೆ ‘ಮಸಾನ್’ ಮತ್ತೊಮ್ಮೆ ನೋಡಿದೆ, ಈ ಸಲ ನಿಲ್ಲಿಸದೆ. ಕೊನೆಗೆ ದೇವಿ, ದೀಪಕ್ ಒಂದೇ ದೋಣಿಯಲ್ಲಿ ಸಂಗಮದ ಕಡೆ ಹೋಗ್ತಾರೆ. ಜನ ಅದನ್ನ ಹೊಸ ಪ್ರೀತಿಯ ಶುರು ಅಂತಾರೆ. ನನ್ನ ತಲೆಯಲ್ಲಿ ಮಾತ್ರ ಆ ಅಲಹಾಬಾದಿನ ಬಾಗಿಲೇ ಉಳೀತು. ದೇವಿಗೆ ತಟ್ಟೋಕೆ ಅದೊಂದಾದ್ರೂ ಇತ್ತು. ನನಗೆ ಆ ಹುಡುಗಿಯ ಹೆಸರೂ ಗೊತ್ತಿಲ್ಲ.