ಕಾಮನ ಬೆಂಕಿ, ಕೆಸರೂರಿನ ಬೆಂಕಿ

ನಗೆಯಲ್ಲಿ ಎರಡು ಬಗೆ. ಒಂದು ಮನಸ್ಸನ್ನು ಹಗುರಗೊಳಿಸುತ್ತದೆ, ಇನ್ನೊಂದು ಎಚ್ಚರಿಸುತ್ತದೆ. ಕಾದಂಬರಿಯ ವಿಡಂಬನೆಯಲ್ಲಿ ಇವೆರಡೂ ಬೆರೆತಿರುತ್ತವೆ.

ರೋಣ, ನರಗುಂದ, ಗಜೇಂದ್ರಗಡ ಸೀಮೆಯವರಾದ ನಮಗೆ ಹೋಳಿಹುಣ್ಣಿವೆಯ ನಗೆ ಚಿರಪರಿಚಿತ. ಹಲಗೆಯ ಸದ್ದು, ಸೋಗು, ಅಣಕು ಶವಯಾತ್ರೆ, ಬಾಯಿ ಬಡಿದುಕೊಳ್ಳುವ ಹುಡುಗರು. ಅಂದು ಗೌಡನ ಮುಖಕ್ಕೂ ಬಣ್ಣ. ಹೀಗೆ ಮೇಲುಕೀಳು ತಲೆಕೆಳಗಾಗುವ ಉತ್ಸವದ ನಗೆಯೇ ಫ್ರೆಂಚ್ ಲೇಖಕ ರಾಬೆಲೆಯ ಕೃತಿಗಳ ಜೀವಾಳವೆಂದು ರಷ್ಯದ ವಿಮರ್ಶಕ ಮಿಖಾಯಿಲ್ ಬಖ್ತಿನ್ 1965ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಆದರೆ ಹೋಳಿಯ ಸಮತೆ ಒಂದು ದಿನದ್ದು. ಮರುದಿನ ಗೌಡ ಗೌಡನೇ. ಹಲಗೆ ಬಾರಿಸಿದವನ ಕೇರಿ ಊರ ಹೊರಗೇ.

ಡಾ. ಚಂದ್ರಶೇಖರ ಕಂಬಾರರ ‘ಕರಿಮಾಯಿ’ (1975) ಈ ನಗೆಯನ್ನು ಕಥನದ ಧಾಟಿಯಲ್ಲಿಯೇ ಅಳವಡಿಸಿಕೊಂಡಿದೆ. ಬೆಳಗಾವಿ ಸೀಮೆಯ ಮಾತಿನ ಸೊಗಡಿನಲ್ಲಿ ಕಥೆ ಹೇಳುವ ದನಿಯು ಶಿವಾಪುರದ ಜನರನ್ನೂ, ಕಲಿತು ಬಂದ ಗುಡಸೀಕರನನ್ನೂ ಒಂದೇ ಸಲಿಗೆಯಿಂದ ಅಣಕಿಸುತ್ತದೆ. ಊರಿನವನೇ ಊರನ್ನು ಕುರಿತು ನಗುವುದರಿಂದ ಅದರಲ್ಲಿ ನಂಜಿಲ್ಲ.

ಶ್ರೀ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಇದಕ್ಕಿಂತ ನಿಷ್ಠುರವಾದುದು. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಮಲೆನಾಡಿನ ಕೆಸರೂರು ಸೋಗಿನ ಮೇಳದಂತೆ ಕಾಣುತ್ತದೆ. ಏಲಕ್ಕಿ ಬೆಳೆಯ ಕುಸಿತವನ್ನೂ ವಿಜ್ಞಾನಿ ಜೋಗಿಹಾಳರ ಸಾವನ್ನೂ ತನಿಖೆ ಮಾಡಲು ಬರುವ ಅಂಗಡಿ, ಕ್ರಾಂತಿಯ ಮಾತನಾಡುವ ತರುಣರು, ಮತದ ಹೆಸರಿನಲ್ಲಿ ಹಗೆ ಬೆಳೆಸುವವರು, ಎಲ್ಲರೂ ನಮ್ಮನ್ನು ನಗಿಸುತ್ತಾರೆ. ಪತ್ತೇದಾರಿ ಕಥೆಯ ವೇಷ ತೊಟ್ಟ ಈ ಕಾದಂಬರಿಯಲ್ಲಿ ನಿಜವಾಗಿ ಪತ್ತೆಯಾಗುವುದು ಊರಿನ ಒಳಗಿನ ಕೊಳೆತ.

ಹೋಳಿಯಲ್ಲಿ ಕಾಮನ ಪ್ರತಿಕೃತಿ ಸುಟ್ಟ ಮೇಲೆ ಜನರು ಮನೆಗೆ ಮರಳುತ್ತಾರೆ. ಕೆಸರೂರಿನಲ್ಲಿ ಕಡೆಗೆ ಊರೇ ಬೆಂಕಿಗೆ ತುತ್ತಾಗುತ್ತದೆ; ಮರಳಲು ಮನೆಯಿಲ್ಲ. ಅಲ್ಲಿಯವರೆಗೆ ನಕ್ಕ ಓದುಗನು ತಾನೂ ಆ ಊರಿನವನೆಂದು ಅರಿಯುತ್ತಾನೆ. ಉತ್ಸವದ ನಗೆಯನ್ನು ಕಾದಂಬರಿ ಮೀರುವುದು ಇಲ್ಲಿ. ಕೆಲವೆಡೆ ಪಾತ್ರಗಳು ಕೇವಲ ಬೊಂಬೆಗಳಾಗುವುದು ಈ ಕೃತಿಯ ಕೊರತೆ. ಆದರೂ ರಫಿ-ಜಯಂತಿಯರ ಪ್ರೇಮದ ಮುಂದೆ ಲೇಖಕರ ಅಣಕ ಮೌನ ತಾಳುತ್ತದೆ. ಭರವಸೆ ಉಳಿಯುವುದೂ ಅಲ್ಲಿಯೇ.

ಇಂಥ ಕೃತಿಗಳು ಹಿರಿಯರನ್ನೂ ಆಚಾರವನ್ನೂ ಹಗುರಗೊಳಿಸುತ್ತವೆಂದು ಆಕ್ಷೇಪಿಸುವವರುಂಟು. ಆಚಾರವನ್ನು ಮೊದಲು ಹಗುರಗೊಳಿಸಿದ್ದು ಡಾಂಭಿಕತೆ. ನಗೆ ಅದನ್ನು ತೋರಿಸುತ್ತದೆ, ಅಷ್ಟೆ. ವಚನಕಾರರು ತೋರಿಕೆಯ ಭಕ್ತಿಯನ್ನು ಮೊನಚು ನುಡಿಗಳಿಂದ ತಿವಿದರು, ತಮ್ಮನ್ನೂ ಬಿಡಲಿಲ್ಲ. ವಿಡಂಬನೆಗೆ ಅದೇ ಒರೆಗಲ್ಲು. ತನ್ನನ್ನು ಹೊರಗಿಟ್ಟುಕೊಂಡು ನಗುವವನದು ಕುಹಕ.

ನಮ್ಮ ತರುಣರು ಹೋಳಿಯ ಬಣ್ಣ ತೊಳೆದುಕೊಂಡ ಮೇಲೆ ಈ ಎರಡು ಪುಸ್ತಕಗಳನ್ನು ಅವಶ್ಯವಾಗಿ ಓದಬೇಕು.