ಸಂಜೆಯನ್ನು ಮಾರುಕಟ್ಟೆಗೆ ಕೊಡಿ

ಡಿಸೆಂಬರಿನಲ್ಲಿ ಶಾಲೆಯ ಮಕ್ಕಳು, ದಸರೆಗೂ ಬೇಸಿಗೆ ರಜೆಗೂ ಮನೆಮಂದಿಯೆಲ್ಲ, ಶನಿವಾರ ಭಾನುವಾರ ಬೆಂಗಳೂರಿನ ಕಚೇರಿಗಳವರು. ಯಾರೇ ಹೋಗಲಿ, ‘ಮೈಸೂರು ಒಂದು ದಿನದ ಟೂರ್’ ತೋರಿಸುವ ಮೈಸೂರು ಹೆಚ್ಚುಕಡಿಮೆ ಒಂದೇ. ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರು ಬಿಟ್ಟ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಂತು, ಚಾಮುಂಡಿ ಬೆಟ್ಟ ಹತ್ತಿ ಇಳಿದು, ಅರಮನೆ, ಮೃಗಾಲಯ, ಚರ್ಚು ಮುಗಿಸಿ, ಕತ್ತಲಾಗುವಾಗ ಕೆಆರ್‌ಎಸ್‌ನ ಬೃಂದಾವನದಲ್ಲಿ ಕಾರಂಜಿ ತೋರಿಸಿ, ನಡುರಾತ್ರಿಗೆ ಮೊದಲು ಊರಿಗೆ ತಂದು ಬಿಡುತ್ತದೆ. ದಶಕಗಳಿಂದ ಈ ಕ್ರಮ ಅಷ್ಟಾಗಿ ಬದಲಾಗಿಲ್ಲ. ಎರಡು ಮೂರು ತಲೆಮಾರಿನ ಕನ್ನಡಿಗರು ಮೈಸೂರನ್ನು ತಿಳಿದದ್ದೇ ಈ ವೇಳಾಪಟ್ಟಿಯ ಮೂಲಕ. ಅಷ್ಟು ಜನರ ಕಣ್ಣನ್ನು ರೂಪಿಸಿದ ಒಂದು ಪದ್ಧತಿಯನ್ನು ಪುಸ್ತಕವನ್ನೋ ನಾಟಕವನ್ನೋ ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಪರಿಶೀಲಿಸಬೇಕು. ಅದರಲ್ಲಿ ಒಳ್ಳೆಯದು ಇದೆ. ಆದರೆ ಅದು ತನ್ನ ಸಂಜೆಯನ್ನು ತಪ್ಪು ಜಾಗದಲ್ಲಿ ಕಳೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಶ್ರೀರಂಗಪಟ್ಟಣದಿಂದ ದಿನವನ್ನು ಶುರು ಮಾಡುವುದು ಸರಿಯಾದ ಆಯ್ಕೆ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಕರ್ನಾಟಕದಲ್ಲಿ ಉಳಿದಿರುವ ದೊಡ್ಡ ಕಥನಚಿತ್ರಗಳಲ್ಲಿ ಒಂದು. 1780ರ ಪೊಳ್ಳಿಲೂರು ಕದನ ಅಲ್ಲಿದೆ: ಕೆಂಪಂಗಿಯ ಸಾಲುಗಳ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಹೈದರ್ ಮತ್ತು ಟಿಪ್ಪುವಿನ ಸೇನೆ ನಾಲ್ಕೂ ಕಡೆಯಿಂದ ಮುತ್ತುತ್ತಿದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇದೇ ಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ತನ್ನವರ ಸೋಲಿನ ಈ ಚಿತ್ರವನ್ನು ಅಳಿಸಲಿಲ್ಲ, ಮತ್ತೆ ಬಣ್ಣ ಕೊಡಿಸಿ ಉಳಿಸಿದ. ಇಷ್ಟು ಕತೆ ಇರುವ ಗೋಡೆಯ ಮುಂದೆ ಟೂರಿನವರು ನಿಲ್ಲುವುದು ಕೆಲವೇ ನಿಮಿಷ. ಗೈಡು ‘ಟಿಪ್ಪುವಿನ ಬೇಸಿಗೆ ಅರಮನೆ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ. ಮಕ್ಕಳಿಗೆ ನೆನಪಾಗಿ ಉಳಿಯುವುದು ತೋಟದ ಹುಲ್ಲು ಮಾತ್ರ.

ಚಾಮುಂಡಿ ಬೆಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಟ್ಟಿಲು ಹತ್ತಲು ಹೊತ್ತಿಲ್ಲದ ಬಸ್ಸಿನವರಿಗೆ ಬೆಟ್ಟವೆಂದರೆ ದರ್ಶನದ ಸಾಲು ಮತ್ತು ಮಹಿಷಾಸುರನ ಮುಂದಿನ ಫೋಟೊ. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲೆಯ ನಂದಿಯನ್ನು ಇಳಿಯುವಾಗ ತೋರಿಸಿದರೆ ಅದೇ ಪುಣ್ಯ. ಮೃಗಾಲಯವನ್ನಂತೂ ಈ ಪಟ್ಟಿಯಿಂದ ತೆಗೆದೇ ಬಿಡಬೇಕು. 1892ರಿಂದ ನಡೆದುಬಂದಿರುವ, ಅರ್ಧ ದಿನ ನಡೆದರೂ ಮುಗಿಯದ ಜಾಗವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಓಡುತ್ತಾ ಮುಗಿಸುವುದು ಮಕ್ಕಳಿಗೂ ಅನ್ಯಾಯ, ಪ್ರಾಣಿಗಳಿಗೂ ಅನ್ಯಾಯ.

ಅರಮನೆ ಬೇರೆ ಮಾತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದ ಈಗಿನ ಕಟ್ಟಡ ಮುಗಿದದ್ದು 1912ರಲ್ಲಿ, ಸುಮಾರು 41 ಲಕ್ಷ ರೂಪಾಯಿ ವೆಚ್ಚದಲ್ಲಿ. ಕಲ್ಯಾಣ ಮಂಟಪಕ್ಕೆ ಬಂದವರೆಲ್ಲ ಕತ್ತೆತ್ತಿ ನವಿಲಿನ ಬಣ್ಣದ ಗಾಜನ್ನು ನೋಡುತ್ತಾರೆ, ಹಿಂದಿನವರು ತಳ್ಳುತ್ತಾರೆ, ಮುಂದೆ ಸಾಗುತ್ತಾರೆ. ಸುತ್ತಲ ಗೋಡೆಯ ಮೇಲೆ ದಸರಾ ಮೆರವಣಿಗೆಯೇ ಸಾಗುತ್ತಿದೆ: ಆನೆ, ಕುದುರೆ, ಪದಾತಿ, ಬೀದಿಯ ಎರಡು ಬದಿಯಲ್ಲಿ ನಿಂತ ಜನ. ಮೈಸೂರಿನ ಕಲಾವಿದರು ತಮ್ಮ ಊರಿನ ಮುಖಗಳನ್ನೇ ನೋಡಿ ಬರೆದ ಚಿತ್ರಗಳು ಅವು. ಈ ಗೋಡೆಯನ್ನು ನಿಧಾನವಾಗಿ ನೋಡಿದವರಿಗೆ ಸಂಜೆ ಎಲ್ಲಿಗೆ ಹೋಗಬೇಕೆಂದು ಬೇರೆ ಯಾರೂ ಹೇಳಬೇಕಿಲ್ಲ. ಆ ಮೆರವಣಿಗೆ ಇವತ್ತಿಗೂ ವಿಜಯದಶಮಿಯ ದಿನ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದ ಕಡೆಗೆ ಹೋಗುತ್ತದೆ. ಆ ರಸ್ತೆಗೆ ಅಂಟಿಕೊಂಡೇ ದೇವರಾಜ ಮಾರುಕಟ್ಟೆ ಇದೆ.

ಟೂರು ಮಾತ್ರ ಅಲ್ಲಿಗೆ ಹೋಗುವುದಿಲ್ಲ. ಊಟವಾದ ಮೇಲೆ ಬಸ್ಸು ರೇಷ್ಮೆ, ಗಂಧ, ಮರದ ಕೆತ್ತನೆ ಮಾರುವ ಯಾವುದೋ ಎಂಪೋರಿಯಮ್ಮಿನ ಮುಂದೆ ನಿಲ್ಲುತ್ತದೆ. ದರಿಯಾ ದೌಲತ್ತಿಗೆ ಸಿಗದ ಸಮಯ ಇಲ್ಲಿ ಸಿಗುತ್ತದೆ. ಅಂಗಡಿಗೂ ಬಸ್ಸಿನವರಿಗೂ ಕಮಿಷನ್ ನಡೆಯುವ ಕಡೆಗಳಲ್ಲಿ ಆ ಕಮಿಷನ್ ಸೀರೆಯ ಬೆಲೆಯೊಳಗೇ ಕೂತಿರುತ್ತದೆ. ಮೈಸೂರು ರೇಷ್ಮೆ ಬೇಕಾದವರಿಗೆ ಸರ್ಕಾರಿ ಮಳಿಗೆಗಳು ಊರಿನಲ್ಲೇ ಇವೆ, ಗಂಧದ ಸೋಪು ಬೀದಿಬೀದಿಯಲ್ಲೂ ಸಿಗುತ್ತದೆ. ಯಾತ್ರಿಕರ ದಿನದಿಂದ ಈ ಹೊತ್ತನ್ನು ಕದಿಯುವುದಕ್ಕೆ ಬೇರೆ ಸಮರ್ಥನೆ ನನಗೆ ಕಾಣುತ್ತಿಲ್ಲ.

ಆಮೇಲೆ ಬೃಂದಾವನ. ಅದನ್ನು ಹಗುರವಾಗಿ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. 1911ರಲ್ಲಿ ಕೆಲಸ ಶುರುವಾದ ಅಣೆಕಟ್ಟಿನ ಕೆಳಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಹಂತಹಂತವಾಗಿ ಇಳಿಯುವ ತೋಟವೊಂದನ್ನು ಯೋಚಿಸಿದ್ದು ದೊಡ್ಡ ಕಲ್ಪನೆಯೇ. ಹಾಡಿಗೆ ಕುಣಿಯುವ ನೀರನ್ನು ಮೊದಲ ಸಲ ನೋಡುವ ಮಗುವಿನ ಸಂತೋಷ ಸುಳ್ಳಲ್ಲ. ಆದರೆ ಅದು ಊರಿನಿಂದ ಸುಮಾರು 20 ಕಿಲೋಮೀಟರ್ ದೂರ. ರಜೆಯ ಸಂಜೆಯ ವಾಹನದಟ್ಟಣೆಯಲ್ಲಿ ಹೋಗಿ, ನಿಲ್ಲಿಸಿ, ಅಷ್ಟು ದೂರ ನಡೆದು, ಜನಜಂಗುಳಿಯ ಹಿಂದಿನಿಂದ ಸ್ವಲ್ಪ ಹೊತ್ತು ಕಾರಂಜಿ ನೋಡಿ ಮತ್ತೆ ಬಸ್ಸಿಗೆ ಓಡುವಷ್ಟರಲ್ಲಿ ಮೈಸೂರಿನ ಅತ್ಯಂತ ಜೀವಂತ ಹೊತ್ತು ಕೈತಪ್ಪಿರುತ್ತದೆ. ಬೃಂದಾವನಕ್ಕೆ ಬೇರೊಂದು ಸಂಜೆಯನ್ನೇ ಮೀಸಲಿಡಬೇಕು.

ಮಾರುಕಟ್ಟೆಯನ್ನು ಚಿಕ್ಕ ಗಡಿಯಾರದ ಕಡೆಯಿಂದ ಹೊಗಬೇಕು. ವೈಸರಾಯ್ ಡಫರಿನ್ ನೆನಪಿನ ಆ ಗೋಪುರದ ಸುತ್ತಲಿನ ಬಯಲಿನಲ್ಲೇ ವ್ಯಾಪಾರ ಶುರುವಾಗಿಬಿಟ್ಟಿರುತ್ತದೆ: ಗೋಣಿಚೀಲ ಹಾಸಿ ಕೂತ ಸೊಪ್ಪಿನವರು, ಕೈಗಾಡಿಯ ಸೀಬೆ, ಪ್ಲಾಸ್ಟಿಕ್ ಬುಟ್ಟಿ, ಬಾಚಣಿಗೆ. ಬಾಗಿಲು ದಾಟಿದರೆ ಉದ್ದುದ್ದ ಓಣಿಗಳು, ಅರ್ಧ ಸೂರು, ಅರ್ಧ ಆಕಾಶ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ರೂಪ ಪಡೆದ ಈ ಕಟ್ಟಡದಲ್ಲಿ ಒಂದೊಂದು ಸರಕಿಗೂ ಒಂದೊಂದು ಓಣಿ. ಸಂಜೆ ಐದೂವರೆಯ ನಂತರ ಕಚೇರಿ ಬಿಟ್ಟವರು, ಪೂಜೆಗೆ ಹೂ ಬೇಕಾದವರು, ಮದುವೆಮನೆಯವರು ಬಂದು ಸೇರುತ್ತಾರೆ.

ಹೂವಿನ ಸಾಲಿನಲ್ಲಿ ನಿಂತರೆ ಮೊದಲು ಬರುವ ಪ್ರಶ್ನೆ, “ಮುಡ್ಕೊಳ್ಳೋಕಾ ಅಕ್ಕಾ, ದೇವ್ರಿಗಾ?” ಉತ್ತರದ ಮೇಲೆ ಹೂ ಬೇರೆ, ಕಟ್ಟಿದ ರೀತಿ ಬೇರೆ, ಬೆಲೆಯೂ ಬೇರೆ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಕೇಳಿದವರಿಗೆ ಒಂದಿಷ್ಟು ಕೊಸರು ಬಿಟ್ಟು ಕತ್ತರಿಸುತ್ತಾರೆ. ಮುಂದಿನ ಸಾಲಿನಲ್ಲಿ ವೀಳ್ಯದೆಲೆ. ಮೈಸೂರು ಎಲೆಯ ಮೆದುತನ, ರುಚಿ ಹೆಸರುವಾಸಿ. ನಂಜನಗೂಡು ರಸ್ತೆಯ ಕಡೆಯ ಎಲೆತೋಟಗಳು ಊರು ಬೆಳೆದಂತೆ ಬಹುಪಾಲು ಮನೆಗಳಾದವು. ನಂಜನಗೂಡು ರಸಬಾಳೆಯದೂ ಇಂಥದೇ ಕಷ್ಟ: ಪನಾಮಾ ಸೊರಗು ರೋಗ ತೋಟಗಳನ್ನು ತಿಂದುಹಾಕಿ, ನಿಜವಾದ ಹಣ್ಣು ಅಪರೂಪವಾಗಿದೆ. ಹೆಸರಿಟ್ಟು ಮಾರುವುದೆಲ್ಲ ರಸಬಾಳೆಯಲ್ಲ. ಯಾವ ಊರಿನದು, ಯಾವಾಗ ಬಂತು ಎಂದು ಕೇಳಿ ಕೊಳ್ಳಬೇಕು. ಹಾಗೆ ಕೇಳಿದಾಗಲೇ ವ್ಯಾಪಾರಿಯ ಮುಖದಲ್ಲಿ ಆಸಕ್ತಿ ಮೂಡುತ್ತದೆ, ಮಾತು ಬೆಳೆಯುತ್ತದೆ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆ ಮಾನ್ಯತೆಯ ಅರ್ಥವನ್ನು ಇಲ್ಲಿಯ ಅರ್ಧ ಗಂಟೆ ಕಲಿಸುವಷ್ಟು ಯಾವ ಫಲಕವೂ ಕಲಿಸುವುದಿಲ್ಲ.

ನಾನು ಮಾರುಕಟ್ಟೆಯ ಪರ ವಾದಿಸುವುದಕ್ಕೆ ಮುಖ್ಯ ಕಾರಣ ಇದು. ಟೂರು ಹಗಲಿಡೀ ತೋರಿಸುವುದು ಮುಗಿದುಹೋದ ಮೈಸೂರನ್ನು. ಟಿಕೆಟ್ಟಿನ ಆಚೆ, ಹಗ್ಗದ ಆಚೆ, ಗಾಜಿನ ಆಚೆ ಇರುವ ಮೈಸೂರು ಅದು. ಬೆಟ್ಟದ ದೇವಿಗೆ ಏರುವ ಕುಂಕುಮ, ಅರಮನೆಯ ಸಭೆಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ತಾಂಬೂಲ, ಗೋಡೆಯ ಚಿತ್ರದ ಆನೆಗಳ ಕೊರಳ ಹಾರ ಇವೆಲ್ಲ ಒಂದು ಕಾಲದ ಶೋಭೆಯ ವಸ್ತುಗಳೆಂದುಕೊಂಡು ಜನ ಬಸ್ಸು ಹತ್ತುತ್ತಾರೆ. ಅವನ್ನೇ ಯಾರೋ ಬೆಳೆದು, ಕಟ್ಟಿ, ಪುಡಿಮಾಡಿ, ಹೊತ್ತು ತಂದು ಇಂದು ಸಂಜೆಯೂ ಮಾರುತ್ತಿದ್ದಾರೆ ಎಂದು ಕಂಡಾಗ ಹಗಲು ನೋಡಿದ್ದಕ್ಕೆ ರಕ್ತ ಮಾಂಸ ಬರುತ್ತದೆ. ಆಯುಧಪೂಜೆಯ ಹಿಂದಿನ ಸಂಜೆ ಇಲ್ಲಿ ಬೂದುಗುಂಬಳ, ಬಾಳೆಕಂದು, ಸೇವಂತಿಗೆಯ ನಡುವೆ ಕಾಲಿಡಲು ಜಾಗವಿರುವುದಿಲ್ಲ. ದಸರೆ ಎಂಬುದು ಆನೆಯ ಮೇಲಿನ ಅಂಬಾರಿಯಷ್ಟೇ ಅಲ್ಲ, ಊರಿನ ಪ್ರತಿಯೊಂದು ಗ್ಯಾರೇಜು, ಹೊಲಿಗೆ ಯಂತ್ರ, ಆಟೋರಿಕ್ಷಾಕ್ಕೂ ಸೇರಿದ ಹಬ್ಬ ಎಂದು ಅಲ್ಲಿ ತಿಳಿಯುತ್ತದೆ.

ಹಾಗೆಂದು ಈ ಮಾರುಕಟ್ಟೆ ದೋಷಗಳಿಲ್ಲದ ಜಾಗವಲ್ಲ. ಮಳೆಗಾಲದಲ್ಲಿ ನೆಲ ಜಾರುತ್ತದೆ, ಕೊಳೆತ ಸೊಪ್ಪು ಕಾಲಿಗೆ ಸಿಗುತ್ತದೆ, ಗಾಲಿಕುರ್ಚಿಯವರಿಗೆ ಓಣಿಗಳು ದುರ್ಗಮ. ಸುಗಂಧ ತೈಲದ ಅಂಗಡಿಗಳಲ್ಲಿ ಕೆಲವರು ಹೊರಗಿನವರನ್ನು ಕಂಡರೆ ಕೈ ಹಿಡಿದು ಎಳೆದಂತೆ ಕರೆಯುತ್ತಾರೆ. ಅಲ್ಲಿ ‘ಶುದ್ಧ ಶ್ರೀಗಂಧದ ಎಣ್ಣೆ’ ಎಂದು ಅಗ್ಗಕ್ಕೆ ಕೊಡುವ ಸೀಸೆಯನ್ನು ಕೊಳ್ಳಬೇಡಿ, ಶುದ್ಧ ಗಂಧದೆಣ್ಣೆ ಅಗ್ಗಕ್ಕೆ ಸಿಗುವ ಪದಾರ್ಥವಲ್ಲ. ಇನ್ನೊಂದು ದೋಷ ನಮ್ಮದೇ, ನೋಡಲು ಹೋಗುವವರದು. ಕುಂಕುಮ, ಬಣ್ಣದ ಪುಡಿಗಳ ಚೂಪು ಗುಡ್ಡೆಗಳ ಮುಂದೆ ನಿಂತು ಹತ್ತು ಕೋನದಲ್ಲಿ ಫೋಟೊ ತೆಗೆದು, ಒಂದು ರೂಪಾಯಿಯ ವ್ಯಾಪಾರವನ್ನೂ ಮಾಡದೆ, ನಿಜವಾದ ಗಿರಾಕಿಗಳ ದಾರಿಯನ್ನೂ ಕಟ್ಟಿ ನಿಲ್ಲುತ್ತೇವೆ. ಮಾರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಒಂದು ಮಾತು ಕೇಳುವ ಸೌಜನ್ಯವೂ ಹಲವರಲ್ಲಿಲ್ಲ. ಮಾರುಕಟ್ಟೆ ಸುತ್ತುವುದು ಕೂಡ ಕಲಿಯಬೇಕಾದ ನಡವಳಿಕೆ. ಅರ್ಧ ಮೊಳ ಹೂವನ್ನಾದರೂ ಕೊಂಡು ಮಾತಾಡಿಸಿ. ಚೌಕಾಸಿ ಮಾಡಿ, ಆದರೆ ದಿನದ ಕೊನೆಯಲ್ಲಿ ಗುಡ್ಡೆ ಸೊಪ್ಪು ಮಾರಿ ಬಸ್ಸು ಹಿಡಿಯಬೇಕಾದ ಅಜ್ಜಿಯ ಹತ್ತಿರ ಬೇಡ.

ಕಟ್ಟಡದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. 2012ರ ಆಗಸ್ಟ್‌ನಲ್ಲಿ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಕಡೆಯ ಭಾಗ ಬಿತ್ತು. ಕೆಡವಿ ಕಟ್ಟಬೇಕೇ, ದುರಸ್ತಿ ಮಾಡಿ ಉಳಿಸಬೇಕೇ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. ಜನರ ಜೀವಕ್ಕಿಂತ ಹಳೆಯ ಗಾರೆ ಹೆಚ್ಚಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಉಳಿಸಬೇಕಾದದ್ದು ಮುಂಭಾಗದ ಕಮಾನು ಮಾತ್ರ ಎಂದು ಯಾರೂ ತಿಳಿಯಬಾರದು. ಹೂವಿಗೊಂದು ಸಾಲು, ಎಲೆಗೊಂದು ಸಾಲು ಎಂಬ ವ್ಯವಸ್ಥೆ, ನೆಲದ ಮೇಲೆ ಕೂತು ಮಾರುವವರಿಗೂ ಇರುವ ಜಾಗ, ಸಣ್ಣ ವ್ಯಾಪಾರಿಗೆ ಎಟುಕುವ ಬಾಡಿಗೆ ಇವು ಹೋದರೆ, ಕಮಾನು ಎಷ್ಟೇ ಚೆನ್ನಾಗಿ ನಿಂತರೂ ಮಾರುಕಟ್ಟೆ ಹೋದಂತೆ. ಇದಕ್ಕೂ ಟೂರಿಗೂ ಸಂಬಂಧವಿದೆ. ನಾಡಿನ ಮೂಲೆಮೂಲೆಯಿಂದ ಬರುವ ಜನ ಮೈಸೂರೆಂದರೆ ಇದೂ ಹೌದು ಎಂದು ನೋಡಿ ಹೋಗಿದ್ದಿದ್ದರೆ, ಇದರ ಪರ ಕೇಳುವ ದನಿಗಳೂ ಊರಿನಾಚೆಗೆ ಹಬ್ಬುತ್ತಿದ್ದವು.

ಹಾಗಾದರೆ ದಿನ ಹೇಗಿರಬೇಕು? ಬೆಳಿಗ್ಗೆ ದರಿಯಾ ದೌಲತ್, ಆ ಗೋಡೆಯ ಮುಂದೆ ಅರ್ಧ ಗಂಟೆ. ಆಮೇಲೆ ಬೆಟ್ಟ. ಊಟದ ನಂತರ ಅರಮನೆ, ಅವಸರವಿಲ್ಲದೆ. ಐದು ಗಂಟೆಗೆ ಬಸ್ಸನ್ನು ಒಂದು ಕಡೆ ನಿಲ್ಲಿಸಿ, ದೊಡ್ಡ ಗಡಿಯಾರದ ಪಕ್ಕದಿಂದ ಕೆ.ಆರ್. ವೃತ್ತ ದಾಟಿ ಕಾಲ್ನಡಿಗೆಯಲ್ಲಿ ಮಾರುಕಟ್ಟೆಗೆ. ಮೈಸೂರು ಪಾಕನ್ನು ಮೊದಲು ಮಾಡಿದನೆಂದು ಹೆಸರಾದ ಅರಮನೆಯ ಅಡುಗೆಯವ ಕಾಕಾಸುರ ಮಾದಪ್ಪನ ವಂಶದವರ ಮಿಠಾಯಿ ಅಂಗಡಿಯೂ ಸಯ್ಯಾಜಿರಾವ್ ರಸ್ತೆಯ ಆ ಬದಿಯಲ್ಲೇ ಇದೆ. ಭಾನುವಾರವೋ ಸರ್ಕಾರಿ ರಜೆಯೋ ಆಗಿದ್ದರೆ ಏಳಕ್ಕೆ ಅರಮನೆಯ ದೀಪ ಹತ್ತುತ್ತದೆ, ಸ್ವಲ್ಪ ದೂರ ವಾಪಸು ನಡೆದರೆ ಸಾಕು.

ಡಿಸೆಂಬರಿನ ಶೈಕ್ಷಣಿಕ ಪ್ರವಾಸದ ಪಟ್ಟಿ ಬರೆಯುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಬೇಡಿಕೆ. ಎಂಪೋರಿಯಮ್ಮನ್ನೂ ಕಾರಂಜಿಯನ್ನೂ ಈ ಸಲ ಬಿಡಿ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರಂತೆ ಗುಂಪು ಮಾಡಿ, ಕತ್ತಲಾಗುವ ಮುನ್ನ ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಪ್ರತಿ ಗುಂಪಿಗೂ ಸ್ವಲ್ಪ ಹಣ ಕೊಟ್ಟು, ಒಂದು ಕಟ್ಟು ಎಲೆಯನ್ನೋ ಒಂದು ಮೊಳ ಹೂವನ್ನೋ ಒಂದು ಚಿಪ್ಪು ಬಾಳೆಹಣ್ಣನ್ನೋ ತಾವೇ ಕೇಳಿ ಕೊಂಡು ತರಲು ಹೇಳಿ. ಅದು ಯಾವ ಊರಿನಿಂದ ಬಂತು, ಯಾರು ಬೆಳೆದರು ಎಂಬುದನ್ನೂ ಕೇಳಿ ಬರೆದುಕೊಳ್ಳಲಿ. ರಾತ್ರಿ ಎಂಟರ ಮೇಲೆ ಅಂಗಡಿಗಳು ಮುಚ್ಚತೊಡಗುತ್ತವೆ, ಆರಕ್ಕೆ ಮೊದಲೇ ಅಲ್ಲಿರಿ.