ರೋಮಿನ ಏಜಾಕ್ಸನೂ ಕನ್ನಡದ ಅಶ್ವತ್ಥಾಮನೂ

ಗ್ರೀಕರ ಪುರಾಣಕಥೆಗಳನ್ನು ಪರಭಾಷೆಯ ಕವಿಗಳು ತಮ್ಮದಾಗಿಸಿಕೊಂಡ ಬಗೆಗಳಲ್ಲಿ ಎರಡು ವಿಮರ್ಶೆಗೆ ವಿಶೇಷವಾಗಿ ಅರ್ಹವಾದುವು: ಒಂದು ರೋಮನ್ ಕವಿಗಳದು, ಇನ್ನೊಂದು ಬಿ. ಎಂ. ಶ್ರೀಕಂಠಯ್ಯನವರದು. ಏಜಾಕ್ಸನ ಕಥೆಯೊಂದನ್ನೇ ಹಿಡಿದು ನೋಡಿದರೂ ಇವೆರಡರ ಅಂತರವು ಸ್ಪಷ್ಟವಾಗುವುದು.

ಅಕಿಲೀಸನ ಆಯುಧಗಳು ಯುಲಿಸೀಸನ ಪಾಲಾಗಲು ಏಜಾಕ್ಸನು ಮತಿಭ್ರಾಂತನಾಗಿ, ಪಶುಗಳನ್ನು ಶತ್ರುಗಳೆಂದು ತರಿದು, ಎಚ್ಚತ್ತ ಮೇಲೆ ನಾಚಿ ತನ್ನ ಕತ್ತಿಗೆ ತಾನೇ ಬಲಿಯಾದನು. ಸಾಫೊಕ್ಲೀಸನ ನಾಟಕದ ವಸ್ತುವಿದು. ಕ್ರಿ. ಪೂ. 240ರಲ್ಲಿ ರೋಮಿನ ರಂಗಕ್ಕೆ ನಾಟಕವನ್ನು ತಂದ ಲಿವಿಯಸ್ ಆಂಡ್ರೊನಿಕಸನೂ ಅವನ ತರುವಾಯ ಎನ್ನಿಯಸನೂ ಈ ವೀರನನ್ನು ಕುರಿತು ನಾಟಕಗಳನ್ನು ಬರೆದರು. ಅವುಗಳಲ್ಲಿ ತುಣುಕುಗಳು ಮಾತ್ರ ಉಳಿದಿವೆ. ಓವಿಡನಾದರೋ ‘ಮೆಟಮಾರ್ಫೊಸಿಸ್’ ಕಾವ್ಯದ 13ನೆಯ ಭಾಗದಲ್ಲಿ ಇಬ್ಬರು ವೀರರ ವಾಗ್ವಾದವನ್ನೇ ಹಿಗ್ಗಿಸಿ, ನ್ಯಾಯಸಭೆಯ ವಾಗ್ಮಿತೆಗೆ ಮನಸೋತ ರೋಮನರಿಗೆ ಒಪ್ಪುವಂತೆ ರಚಿಸಿದನು. ಕಥೆಯ ಒತ್ತು ಬದಲಾಯಿತು. ನಾಯಕನ ಹೆಸರಾಗಲಿ ಮರಣವಾಗಲಿ ಬದಲಾಗಲಿಲ್ಲ.

ಶ್ರೀಕಂಠಯ್ಯನವರು 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಇದಕ್ಕೆ ವಿಪರೀತವಾದ ಮಾರ್ಗವನ್ನು ಹಿಡಿದರು. ಸಾಫೊಕ್ಲೀಸನ ಕಟ್ಟನ್ನು ಉಳಿಸಿಕೊಂಡು ಮಹಾಭಾರತದ ವೀರನನ್ನು ಅದರೊಳಗೆ ನಿಲ್ಲಿಸಿದರು. ಆದಕಾರಣ ಚಿರಂಜೀವಿಯೆಂದು ಜನ ನಂಬಿದವನು ಇಲ್ಲಿ ಸಾಯಬೇಕಾಯಿತು. ಇದು ಸಂಪ್ರದಾಯಕ್ಕೆ ಅಪಚಾರವೆಂದು ಮಾತ್ರ ಆಕ್ಷೇಪಿಸಿದರೆ ಸಾಲದು. ಹತ್ತನೆಯ ಶತಮಾನದಲ್ಲಿಯೇ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿ, ತನ್ನ ದೊರೆ ಅರಿಕೇಸರಿಯನ್ನು ಆ ಅರ್ಜುನನಲ್ಲಿಯೇ ಕಂಡು ಕೀರ್ತಿಸಿದನು. ಕಥೆಯನ್ನು ತಿದ್ದುವ ಅಧಿಕಾರವು ಕನ್ನಡ ಕವಿಗೆ ಹೊಸದಲ್ಲ. ತಿದ್ದಿದುದರಿಂದ ಕಾವ್ಯಕ್ಕೆ ಬಂದ ಫಲವೇನೆಂಬುದೇ ವಿಚಾರಣೀಯ.

ಲಾಭವುಂಟು. ಪಾಪಿಯೆಂದು ತಿರಸ್ಕೃತನಾದವನಿಗೆ ದುರಂತನಾಯಕನ ಅಭಿಮಾನವೂ ಘನತೆಯೂ ದೊರೆತುವು. ನಷ್ಟವೂ ಉಂಟು. ಏಜಾಕ್ಸನ ಸಂಕಲ್ಪವು ಕ್ರೂರವಾದರೂ ಅವನ ಕತ್ತಿಗೆ ಬಿದ್ದುವು ಬಹುಮಟ್ಟಿಗೆ ಪಶುಗಳು. ಅವನ ಲಜ್ಜೆಯು ಸಾವಿನಿಂದ ತೀರಬಲ್ಲುದು. ವ್ಯಾಸರ ಅಶ್ವತ್ಥಾಮನಾದರೋ ಇರುಳಿನಲ್ಲಿ ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಮಕ್ಕಳನ್ನೇ ಕೊಂದವನು. ಕೃಷ್ಣನು ಅವನಿಗೆ ವಿಧಿಸಿದುದು ಮರಣವನ್ನಲ್ಲ, 3000 ವರ್ಷ ಏಕಾಕಿಯಾಗಿ ಅಲೆಯುವ ಬಾಳನ್ನು. ಅಂಥವನಿಗೆ ಸಾವು ದಂಡನೆಯಲ್ಲ, ಬಿಡುಗಡೆ.

ರೋಮನರಿಗೆ ಈ ತೊಡಕು ಎದುರಾಗಲಿಲ್ಲ. ಏಜಾಕ್ಸನ ಸಾವು ಅವರು ಎರವು ತಂದ ಕಥೆಯಲ್ಲಿಯೇ ಇದ್ದಿತು. ಶ್ರೀಕಂಠಯ್ಯನವರು ಎರವು ತಂದುದು ನಾಟಕದ ಆಕಾರವನ್ನು. ಅದು ನಾಯಕನ ಸಾವನ್ನೂ ಜೊತೆಗೇ ತಂದಿತು. ಕನ್ನಡಕ್ಕೆ ಗಂಭೀರ ನಾಟಕದ ಮಾರ್ಗವೊಂದು ತೆರೆದುದು ಈ ಸಾಹಸದಿಂದ ಎಂಬುದು ನಿಸ್ಸಂದೇಹ. ಅದಕ್ಕಾಗಿ ಮಹಾಭಾರತದ ಹೆಚ್ಚು ಘೋರವಾದ ಮುಕ್ತಾಯವನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನೂ ನಾಟಕವನ್ನು ಪಾಠಹೇಳುವವರು ವಿದ್ಯಾರ್ಥಿಗಳ ಮುಂದಿಡತಕ್ಕದ್ದು.